ನಕ್ಷೆ ಕೆಲಸದವರಿಗೆ ಜಿಯೋಕ್ಯಾಶಿಂಗ್ ಆ್ಯಪ್: ಕಲಬುರಗಿಯಲ್ಲಿ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಸರ್ವೆ, ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು), ಡ್ರೋನ್ ಮ್ಯಾಪಿಂಗ್, ಇಂಥ ಯಾವುದಾದರೂ ಕೆಲಸದಲ್ಲಿ ನೀವು ಇದ್ದರೆ ಜಿಯೋಕ್ಯಾಶಿಂಗ್ ಅನ್ನುವ ಹುಡುಕಾಟದ ಆಟದ ಈ ಆ್ಯಪ್ ಇವತ್ತೇ ಹಾಕಿಕೊಳ್ಳಿ. ಆದರೆ ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಇರುವವರು ಪ್ರೀಮಿಯಂಗೆ ಈಗಲೇ ದುಡ್ಡು ಕಟ್ಟಬೇಡಿ. ಎರಡೂ ಯಾಕೆ ಅನ್ನೋದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಈ ಆ್ಯಪ್ ಬಗ್ಗೆ ಕನ್ನಡದಲ್ಲಿ ನಮ್ಮ ಭಾಗದವರು ಬರೆದದ್ದು ನನಗೆ ಎಲ್ಲೂ ಕಾಣಲಿಲ್ಲ.

ನನ್ನದು ನಕ್ಷೆ ಕೆಲಸ. ಒಂದಿಷ್ಟು ದಿನ ಹೊಲದಲ್ಲಿ ಡಿಜಿಪಿಎಸ್ (ಜಾಗವನ್ನು ಬಹಳ ನಿಖರವಾಗಿ ಅಳೆಯುವ ಜಿಪಿಎಸ್ ಯಂತ್ರ) ಹಿಡಿದು ನಿಲ್ಲುವುದು, ಇನ್ನೊಂದಿಷ್ಟು ದಿನ ಕಲಬುರಗಿಯ ಆಫೀಸಿನಲ್ಲಿ ಕೂತು ಡ್ರೋನ್ ಚಿತ್ರದ ಮೇಲೆ ಮನೆ, ರಸ್ತೆ, ಬದು ಅಂತ ಗೆರೆ ಎಳೆಯುವುದು. ಹಾಗಾಗಿ ಈ ವಿಮರ್ಶೆ ಆಟಗಾರನ ಕಣ್ಣಿಗಿಂತ ಕೆಲಸದವನ ಕಣ್ಣಿನಿಂದಲೇ ಜಾಸ್ತಿ ಇರುತ್ತದೆ.

ಗೊತ್ತಿಲ್ಲದವರಿಗೆ ಆಟ ಏನು ಅಂತ ಚಿಕ್ಕದಾಗಿ ಹೇಳುತ್ತೇನೆ. ಯಾರೋ ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಒಂದು ಕಡೆ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಆ್ಯಪಿನಲ್ಲಿ ಹಾಕುತ್ತಾರೆ. ನೀವು ಫೋನ್ ಹಿಡಿದು ಅಲ್ಲಿಗೆ ಹೋಗಿ ಹುಡುಕಬೇಕು. ಸಿಕ್ಕರೆ ಒಳಗಿರುವ ಚೀಟಿಯಲ್ಲಿ ಹೆಸರು, ತಾರೀಖು ಬರೆದು, ಡಬ್ಬಿಯನ್ನು ಇದ್ದ ಹಾಗೇ ಇಟ್ಟು, ಆಮೇಲೆ ಆ್ಯಪಿನಲ್ಲೂ ಸಿಕ್ಕಿತು ಅಂತ ದಾಖಲೆ ಮಾಡಬೇಕು. ಸಿಗದಿದ್ದರೆ ಸಿಗಲಿಲ್ಲ ಅಂತಲೂ ಬರೆಯಬೇಕು, ಅದು ಮುಂದಿನವರಿಗೂ ಡಬ್ಬಿ ಇಟ್ಟವರಿಗೂ ಬಹಳ ಉಪಯೋಗ. ಡಬ್ಬಿಯಲ್ಲಿ ಸಣ್ಣಪುಟ್ಟ ಆಟಿಕೆ, ನಾಣ್ಯ ಇರಬಹುದು. ಒಂದು ತೆಗೆದುಕೊಂಡರೆ ಅಷ್ಟೇ ಬೆಲೆಯದ್ದು ಇನ್ನೊಂದು ಇಡಬೇಕು. ಪ್ರತಿ ಡಬ್ಬಿಗೂ ಎರಡು ಅಂಕಿ ಇರುತ್ತವೆ, ಹುಡುಕುವುದು ಎಷ್ಟು ಕಷ್ಟ ಮತ್ತು ಅಲ್ಲಿಗೆ ಹೋಗುವ ದಾರಿ ಎಷ್ಟು ಕಷ್ಟ ಅಂತ, ಎರಡೂ 1ರಿಂದ 5ರವರೆಗೆ, ಅರ್ಧರ್ಧ ಅಂಕದ ಲೆಕ್ಕದಲ್ಲಿ. ದಾರಿಗೆ 1 ಅಂತ ಇದ್ದರೆ ಗಾಲಿಕುರ್ಚಿಯಲ್ಲೂ ಹೋಗಬಹುದು ಅಂತ ಅರ್ಥ. 5 ಅಂತ ಇದ್ದರೆ ಹಗ್ಗ, ದೋಣಿ, ಏನೋ ಒಂದು ಸಾಮಾನು ಬೇಕು.

ಈ ಆಟ ಹುಟ್ಟಿದ್ದೇ ನಮ್ಮ ಕೆಲಸದ ಒಂದು ದೊಡ್ಡ ಘಟನೆಯಿಂದ. 2000ರ ಮೇ ತನಕ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಿಗ್ನಲ್‌ನಲ್ಲಿ ಬೇಕಂತಲೇ ತಪ್ಪು ಸೇರಿಸುತ್ತಿತ್ತು, ಜಾಗ ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿತ್ತು. ಅಧ್ಯಕ್ಷ ಕ್ಲಿಂಟನ್ ಆದೇಶದ ಮೇಲೆ ಆ ತಪ್ಪನ್ನು ಮೇ 2ರ ಹೊತ್ತಿಗೆ ನಿಲ್ಲಿಸಿದರು. ಮರುದಿನವೇ, ಮೇ 3ಕ್ಕೆ, ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಡೇವ್ ಅಲ್ಮರ್ ಅನ್ನುವವರು ಒಂದು ಬಕೆಟ್ ಬಚ್ಚಿಟ್ಟು ಅದರ ಕೋಆರ್ಡಿನೇಟ್‌ಗಳನ್ನು, ಅಂದರೆ ಅಕ್ಷಾಂಶ ರೇಖಾಂಶದ ಅಂಕಿಗಳನ್ನು, ಇಂಟರ್‌ನೆಟ್‌ನಲ್ಲಿ ಹಾಕಿದರು. ಮೈಕ್ ಟೀಗ್ ಅನ್ನುವವರು ಅದನ್ನು ಮೊದಲು ಹುಡುಕಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜೆರೆಮಿ ಐರಿಶ್ ಜಿಯೋಕ್ಯಾಶಿಂಗ್ ಡಾಟ್ ಕಾಮ್ ಶುರು ಮಾಡಿದರು. ಈಗ ಸಿಯಾಟಲ್‌ನಲ್ಲಿರುವ ಆ ಕಂಪನಿಯದ್ದೇ ಈ ಆ್ಯಪ್, ಜಗತ್ತಿನಲ್ಲಿ 30 ಲಕ್ಷಕ್ಕೂ ಹೆಚ್ಚು ಕ್ಯಾಶ್‌ಗಳಿವೆ (ಬಚ್ಚಿಟ್ಟ ಡಬ್ಬಿಗೆ ಆಟದಲ್ಲಿ ಕ್ಯಾಶ್ ಅನ್ನುತ್ತಾರೆ). ಇವತ್ತು ನಾವು ಫೋನಿನಲ್ಲಿ ದಾರಿ ನೋಡಿಕೊಂಡು ಸೇಡಂ ರಸ್ತೆಯಲ್ಲಿ ಮನೆ ಹುಡುಕುತ್ತೇವಲ್ಲ, ಆ ತಪ್ಪನ್ನು ಹಾಗೇ ಇಟ್ಟಿದ್ದರೆ ಅದೂ ಇಷ್ಟು ಸುಲಭ ಇರುತ್ತಿರಲಿಲ್ಲ.

ಈಗ ಆ್ಯಪ್ ವಿಷಯಕ್ಕೆ ಬರುತ್ತೇನೆ. ತೆರೆದ ಕೂಡಲೇ ನಕ್ಷೆ, ಸುತ್ತಮುತ್ತಲಿನ ಕ್ಯಾಶ್‌ಗಳ ಗುರುತು. ಒಂದನ್ನು ಒತ್ತಿದರೆ ವಿವರ, ಸುಳಿವು, ಹಿಂದೆ ಹುಡುಕಿದವರು ಬರೆದದ್ದು. ಹೊರಟಾಗ ನಕ್ಷೆ ಬೇಕಾದರೆ ನಕ್ಷೆ, ದಿಕ್ಸೂಚಿ ಬೇಕಾದರೆ ದಿಕ್ಸೂಚಿ. ಬಳಸಲು ಕಷ್ಟವೇನಿಲ್ಲ, ಮೊದಲ ಸಲ ನೋಡಿದವರಿಗೂ ಅರ್ಥವಾಗುತ್ತದೆ. ಕನ್ನಡ ಮಾತ್ರ ಇಲ್ಲ. ಯುರೋಪಿನ ಎಷ್ಟೋ ಭಾಷೆಗಳಿವೆ, ನಮ್ಮದಿಲ್ಲ, ಮತ್ತು ಇಂಗ್ಲಿಷ್ ಬಾರದ ಮನೆಯವರನ್ನು ಜೊತೆಗೆ ಕರೆದುಕೊಂಡು ಹೋದಾಗ ಇದು ದೊಡ್ಡ ಕೊರತೆ ಅನ್ನಿಸುತ್ತದೆ. ಆದರೆ ನೀವು ಇಡುವ ಕ್ಯಾಶ್‌ನ ವಿವರವನ್ನು ಇಂಗ್ಲಿಷ್ ಜೊತೆ ಕನ್ನಡದಲ್ಲೂ ಬರೆಯಬಹುದು. ಹಾಗೆ ಬರೆಯಲೇಬೇಕು ಅಂತ ನನ್ನ ಅಭಿಪ್ರಾಯ.

ನನಗೆ ಅತಿ ಇಷ್ಟವಾದದ್ದು ಕೋಆರ್ಡಿನೇಟ್ ಬರೆಯುವ ರೀತಿ. ಇಲ್ಲಿ ಡಿಗ್ರಿ, ಆಮೇಲೆ ನಿಮಿಷ, ನಿಮಿಷಕ್ಕೆ ಮೂರು ದಶಾಂಶ. ಉದಾಹರಣೆಗೆ 17 ಡಿಗ್ರಿ 19.450 ನಿಮಿಷ ಉತ್ತರ. ನಮ್ಮ ಆಫೀಸಿನಲ್ಲಿ ಒಬ್ಬರು ದಶಾಂಶ ಡಿಗ್ರಿಯಲ್ಲಿ ಕೊಡುತ್ತಾರೆ, ಇನ್ನೊಬ್ಬರು ಡಿಗ್ರಿ ನಿಮಿಷ ಸೆಕೆಂಡಿನಲ್ಲಿ, ಮತ್ತೊಬ್ಬರು ಡಿಗ್ರಿ ಬದಲು ಮೀಟರಿನಲ್ಲಿ ಲೆಕ್ಕ ಹಾಕುವ ಯುಟಿಎಂ ರೀತಿಯಲ್ಲಿ. ಮೇಲಿನ 19.450 ಅನ್ನೋದನ್ನು ಯಾರಾದರೂ 19 ನಿಮಿಷ 45 ಸೆಕೆಂಡ್ ಅಂತ ಓದಿದರು ಅಂದುಕೊಳ್ಳಿ. ಸರಿಯಾದ ಲೆಕ್ಕಕ್ಕೆ ಅದು 19 ನಿಮಿಷ 27 ಸೆಕೆಂಡ್. 18 ಸೆಕೆಂಡ್ ವ್ಯತ್ಯಾಸ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರಿಗೂ ಜಾಸ್ತಿ! ಸ್ಕ್ರೀನ್ ಮುಂದೆ ಇದು ಬರೀ ಅಂಕಿ. ಬಿಸಿಲಲ್ಲಿ ಅರ್ಧ ಕಿಲೋಮೀಟರ್ ತೊಗರಿ ಹೊಲ ದಾಟಿ ಹೋದವರಿಗೆ ಮಾತ್ರ ಅದು ಮೈಗೆ ಹತ್ತುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ನಾನು ಈಗ ಕೋಆರ್ಡಿನೇಟ್ ಪಾಠವನ್ನು ಈ ಆ್ಯಪ್ ಕೊಟ್ಟೇ ಶುರು ಮಾಡುತ್ತೇನೆ. ಒಂದು ಮಧ್ಯಾಹ್ನ ಹೊರಗೆ ಕಳಿಸಿದರೆ ಸಾಕು, ಮೂರು ರೀತಿಯ ಬರವಣಿಗೆಯನ್ನೂ ಅವರು ಮತ್ತೆಂದೂ ಕಲಸುವುದಿಲ್ಲ.

ಮೂರನೇ ದಶಾಂಶದ ಒಂದು ಅಂಕಿ ಬದಲಾದರೆ ಉತ್ತರ ದಕ್ಷಿಣಕ್ಕೆ ಸುಮಾರು 1.85 ಮೀಟರ್. ಪೂರ್ವ ಪಶ್ಚಿಮಕ್ಕೆ ನಮ್ಮ ಅಕ್ಷಾಂಶದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ, 1.77 ಮೀಟರ್ ಹತ್ತಿರ. ಅಂದರೆ ಆಟದ ನಿಖರತೆಯ ಮಿತಿ ಅಲ್ಲೇ ಇದೆ. ಫೋನಿನ ಜಿಪಿಎಸ್ ತೆರೆದ ಆಕಾಶದ ಕೆಳಗೆ ಸಾಮಾನ್ಯವಾಗಿ 5 ಮೀಟರ್ ಆಸುಪಾಸು ಕೊಡುತ್ತದೆ. ದೊಡ್ಡ ಗೋಡೆ, ಬಂಡೆ, ದಟ್ಟ ಮರದ ಪಕ್ಕ ನಿಂತರೆ ಸಿಗ್ನಲ್ ಬಡಿದು ತಿರುಗಿ ಬಂದು ಇನ್ನೂ ಆಚೀಚೆ ಹೋಗುತ್ತದೆ. ನಮ್ಮ ರೋವರ್‌ನಲ್ಲಿ (ಹೊಲದಲ್ಲಿ ಹಿಡಿದು ನಡೆಯುವ ಡಿಜಿಪಿಎಸ್ ಯಂತ್ರ) ಜಾಗ ಪಕ್ಕಾ ಸಿಕ್ಕರೆ ಸೆಂಟಿಮೀಟರ್ ಲೆಕ್ಕ, ಆದರೆ ಅದೇ ರೋವರ್ ಹಿಡಿದು ಕ್ಯಾಶ್‌ನ ಜಾಗ ಅಳೆದರೂ ಹುಡುಕುವವರ ಕೈಯಲ್ಲಿ ಇರುವುದು ಫೋನ್. ಕೊನೆಯ ಐದು ಮೀಟರಿನಲ್ಲಿ ಯಂತ್ರ ಕೆಲಸಕ್ಕೆ ಬರುವುದಿಲ್ಲ, ಕಣ್ಣು ಬೇಕು. ಯಾವ ಕಲ್ಲು ತಾನಾಗಿ ಬಿದ್ದಿದೆ, ಯಾವುದನ್ನು ಯಾರೋ ಇಟ್ಟಿದ್ದಾರೆ, ಹುಲ್ಲು ಎಲ್ಲಿ ಮಡಚಿದೆ, ಇದನ್ನೆಲ್ಲ ನೋಡಬೇಕು.

ಇದು ನಮ್ಮ ಹಳೇ ಸರ್ವೆಯರ್‌ಗಳಿಗೆ ಸಹಜವಾಗಿ ಬರುತ್ತಿತ್ತು. ಹದ್ದುಬಸ್ತು ಮಾಡಲು, ಅಂದರೆ ಜಮೀನಿನ ಗಡಿ ಗುರುತಿಸಲು, ಹೋದಾಗ ಟಿಪ್ಪಣಿ, ಗ್ರಾಮ ನಕ್ಷೆ ಹಿಡಿದು ಬಾಂದು ಕಲ್ಲು ಹುಡುಕುತ್ತಿದ್ದರಲ್ಲ, ಅದೂ ಇದೇ ಕೆಲಸ. ಕಲ್ಲು ಅರ್ಧ ಹೂತಿರುತ್ತದೆ, ಜಾಲಿ ಬೆಳೆದಿರುತ್ತದೆ, ಕೆಲವು ಸಲ ಬದುವಿನ ಜೊತೆ ಸರಿದಿರುತ್ತದೆ. ಅವರು ಸುತ್ತ ಒಂದು ಸಲ ನಡೆದು, ಮಣ್ಣು ನೋಡಿ, ಇಲ್ಲೇ ಇರಬೇಕು ಅಂತ ಕೈ ಹಾಕಿದರೆ ಅಲ್ಲೇ ಇರುತ್ತಿತ್ತು. ಈಗಿನವರು ನಾವು ದಿಶಾಂಕ್ ಆ್ಯಪ್ ತೆರೆದು ನಿಂತ ಜಾಗದ ಸರ್ವೆ ನಂಬರ್ ನೋಡುತ್ತೇವೆ. ಬಹಳ ಒಳ್ಳೆಯ ಆ್ಯಪ್ ಅದು, ರೈತರಿಗೂ ಉಪಯೋಗ, ಆದರೆ ಸ್ಕ್ರೀನಿನ ಗೆರೆ ಒಂದು ಕಡೆ, ನೆಲದ ಬದು ಇನ್ನೊಂದು ಕಡೆ ಇದ್ದಾಗ ಯಾವುದನ್ನು ಎಷ್ಟು ನಂಬಬೇಕು ಅನ್ನುವ ಅಂದಾಜು ಅದರಿಂದ ಬರುವುದಿಲ್ಲ. ಆ ಅಂದಾಜನ್ನು ನನಗೆ ಮತ್ತೆ ಕೊಟ್ಟಿದ್ದು ಜಿಯೋಕ್ಯಾಶಿಂಗ್. ಹವ್ಯಾಸ ಅಂತ ಶುರು ಮಾಡಿದ್ದು ನಿಜವಾಗಿ ನನ್ನ ಕೆಲಸ ಸುಧಾರಿಸಿದೆ. ಸ್ವಾಮಿತ್ವ ಯೋಜನೆ 2020ರ ಏಪ್ರಿಲ್ 24ರಂದು ಶುರುವಾದ ಮೇಲೆ ಹಳ್ಳಿಗಳ ಮನೆ ಜಾಗವನ್ನೂ ಡ್ರೋನ್‌ನಿಂದ ಅಳೆಯುವುದು ಬಂದಿದೆ. ಚಿತ್ರ ಎಷ್ಟೇ ಚೆನ್ನಾಗಿರಲಿ, ಕೊನೆಗೆ ಒಬ್ಬರು ಓಣಿಯಲ್ಲಿ ನಡೆದು ಈ ಗೋಡೆ ಯಾರದ್ದು ಅಂತ ಕೇಳಲೇಬೇಕು. ನಡೆಯುವ ಅಭ್ಯಾಸ ಇದ್ದವರು ಆ ಕೆಲಸ ಚೆನ್ನಾಗಿ ಮಾಡುತ್ತಾರೆ.

ಡೇಟಮ್ (ಅಕ್ಷಾಂಶ ರೇಖಾಂಶದ ಲೆಕ್ಕಕ್ಕೆ ಆಧಾರವಾಗಿ ಇಟ್ಟುಕೊಳ್ಳುವ ಭೂಮಿಯ ಆಕಾರ) ವಿಷಯವನ್ನೂ ಇಲ್ಲೇ ಹೇಳಬೇಕು, ಇದು ನಕ್ಷೆಯವರು ಬಿಡಬಾರದ ಮಾತು. ಆ್ಯಪಿನ ಎಲ್ಲ ಅಂಕಿಗಳೂ ಡಬ್ಲ್ಯೂಜಿಎಸ್ 84 ಲೆಕ್ಕದವು. ನಮ್ಮ ಹಳೇ ಟೋಪೋಶೀಟ್‌ಗಳು (ಸರ್ವೆ ಆಫ್ ಇಂಡಿಯಾದ ಕಾಗದದ ನಕ್ಷೆಗಳು) ಎವರೆಸ್ಟ್ ಗೋಳದ ಲೆಕ್ಕದವು. ಹಳೇ ಶೀಟಿನಿಂದ ಅಂಕಿ ತೆಗೆದು ಬದಲಾಯಿಸದೆ ಹಾಗೇ ಫೋನಿಗೆ ಹಾಕಿದರೆ ನಮ್ಮ ಭಾಗದಲ್ಲಿ ನೂರು ಮೀಟರಿಗೂ ಜಾಸ್ತಿ ತಪ್ಪುತ್ತದೆ. ಆ ಹಳೇ ಲೆಕ್ಕಕ್ಕೂ ನಮ್ಮ ಊರಿಗೂ ನಂಟಿದೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. 1802ರಲ್ಲಿ ಮದ್ರಾಸಿನಿಂದ ದೊಡ್ಡ ತ್ರಿಕೋನ ಸರ್ವೆ ಶುರು ಮಾಡಿದ ವಿಲಿಯಂ ಲ್ಯಾಂಬ್ಟನ್, 1815ರಲ್ಲಿ ಬೀದರ್ ಬಳಿ ಒಂದು ಬೇಸ್‌ಲೈನ್, ಅಂದರೆ ತ್ರಿಕೋನದ ಲೆಕ್ಕಕ್ಕೆ ಆಧಾರವಾದ ಗೆರೆ, ಅಳೆದಿದ್ದರು. ಆಮೇಲೆ ಜಾರ್ಜ್ ಎವರೆಸ್ಟ್ ಮುಂದುವರಿಸಿದ ಆ ತ್ರಿಕೋನಗಳ ಉದ್ದನೆಯ ಸಾಲು ನಮ್ಮ ಬೀದರ್ ಸೀಮೆಯನ್ನು ದಾಟಿಯೇ ಉತ್ತರಕ್ಕೆ ಹೋಗಿದ್ದು. ಬೆಟ್ಟದ ಮೇಲೆ ನಿಂತು ದುರ್ಬೀನಿನಲ್ಲಿ ಕೋನ ನೋಡಿ, ನೆಲದ ಮೇಲೆ ಸರಪಳಿ ಎಳೆದು ಮಾಡಿದ ಕೆಲಸ. ಬೀದರ್‌ನವರು ಯಾರಾದರೂ ಇದರ ಮೇಲೆ ಒಂದು ಪಜಲ್ ಕ್ಯಾಶ್ ಮಾಡಿದರೆ ನಾನು ಮೊದಲ ಬಸ್ಸಿಗೇ ಬರುತ್ತೇನೆ. ಲೆಕ್ಕ ಬಿಡಿಸಿದರೆ ಮಾತ್ರ ಸರಿಯಾದ ಜಾಗ ಸಿಗುವ ಬಗೆ ಅದು, ತ್ರಿಕೋನದ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಕೊರತೆ ಹೇಳಬೇಕಲ್ಲ. ನಮ್ಮ ಮೂರು ಜಿಲ್ಲೆಗಳ ಮೇಲೆ ಆ್ಯಪಿನ ನಕ್ಷೆ ಬಹುಪಾಲು ಖಾಲಿ. ಜರ್ಮನಿಯ ಯಾವುದೋ ಸಣ್ಣ ಊರನ್ನು ತೆರೆದು ನೋಡಿದರೆ ಗುರುತಿನ ಮೇಲೆ ಗುರುತು, ನಮ್ಮಲ್ಲಿ ಬೆರಳಾಡಿಸುತ್ತಾ ಹೋದರೂ ನೆಲವೇ ಕಾಣುತ್ತದೆ. ಇದು ಆ್ಯಪಿನ ದೋಷ ಅಲ್ಲ, ಇಲ್ಲಿ ಆಡುವವರು ಇಲ್ಲ, ಅಷ್ಟೇ. ಆದರೆ ವಿಮರ್ಶೆ ಓದಿ ಹಾಕಿಕೊಂಡವರು ಎರಡು ನಿಮಿಷದಲ್ಲಿ ಬೇಜಾರಾಗಿ ತೆಗೆದುಹಾಕಬಾರದು ಅಂತ ಮೊದಲೇ ಹೇಳುತ್ತಿದ್ದೇನೆ. ಹೈದರಾಬಾದ್‌ಗೋ ಬೆಂಗಳೂರಿಗೋ ಹೋದಾಗ ಪರಿಸ್ಥಿತಿ ಎಷ್ಟೋ ವಾಸಿ. ಕೆಲಸದ ಮೇಲೆ ಹೋದಾಗ ಸಂಜೆ ಲಾಡ್ಜಿನಲ್ಲಿ ಸುಮ್ನೆ ಮಲಗುವ ಬದಲು ಒಂದು ಹುಡುಕಿ ಬರಬಹುದು. ಊರಿನ ಒಂದು ಮೂಲೆ ಗೊತ್ತಾಗುತ್ತದೆ, ಅಲ್ವಾ?

ಇಲ್ಲಿ ಇದ್ದುಕೊಂಡೇ ಆಡಬೇಕಾದರೆ ನಾವೇ ಇಡಬೇಕು. ಇಡುವ ನಿಯಮಗಳು ಕಟ್ಟುನಿಟ್ಟು, ಅದನ್ನು ನಾನು ಆ್ಯಪಿನ ಒಳ್ಳೆಯ ಗುಣ ಅಂತಲೇ ಎಣಿಸುತ್ತೇನೆ. ಒಂದು ಡಬ್ಬಿಗೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್ ಅಂತರ ಬೇಕು. ಜಮೀನಿನ ಮಾಲೀಕರ ಒಪ್ಪಿಗೆ ಬೇಕು. ಅವರು ಒಪ್ಪದೆ ನೆಲ ಅಗೆಯುವ ಹಾಗಿಲ್ಲ. ತಿಂಡಿ ಇಡುವ ಹಾಗಿಲ್ಲ. ಪ್ರಕಟ ಆಗುವ ಮೊದಲು ಸ್ವಯಂಸೇವಕರೊಬ್ಬರು ಪರಿಶೀಲಿಸುತ್ತಾರೆ. ಆಮೇಲೆ ಡಬ್ಬಿಯನ್ನು ನೋಡಿಕೊಳ್ಳುವ ಜವಾಬ್ದಾರಿ ಇಟ್ಟವರದ್ದೇ. ರಜೆಗೆ ಬಂದಾಗ ಒಂದು ಇಟ್ಟು ಪುಣೆಗೆ ವಾಪಸ್ ಹೋಗುವುದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಕಲಬುರಗಿಯವರು ಮೊದಲು ಯೋಚಿಸುವ ಜಾಗ ಕೋಟೆ. ದಯವಿಟ್ಟು ಬೇಡ. ಕಲಬುರಗಿ ಕೋಟೆ, 1367ರ ಆ ಜಾಮಿ ಮಸೀದಿ, ಬೀದರ್ ಕೋಟೆ, ಸನ್ನತಿ, ಇವೆಲ್ಲ ರಕ್ಷಿತ ಸ್ಮಾರಕಗಳು. ಕಲ್ಲಿನ ಸಂದಿಯಲ್ಲಿ ಡಬ್ಬಿ ತುರುಕಿದರೆ ಒಬ್ಬರು ತೆಗೆದು ಇಟ್ಟರು, ಇನ್ನೊಬ್ಬರು ಇನ್ನೂ ಒಳಗೆ ತಳ್ಳಿದರು, ಮೂರನೆಯವರು ಕಲ್ಲನ್ನೇ ಕದಲಿಸಿದರು ಅಂತ ಆಗುತ್ತದೆ. ಆರು ನೂರು ವರ್ಷದ ಗೋಡೆಗೆ ಅಷ್ಟು ಸಾಕು. ಇನ್ನೊಂದು ಕಾರಣವೂ ಇದೆ, ಅದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಹಾಳು ಗುಡಿ, ಹಳೇ ಕೋಟೆ, ಊರ ಹೊರಗಿನ ಗೋರಿ, ಇಂಥ ಜಾಗದಲ್ಲಿ ಯಾರಾದರೂ ಕಲ್ಲು ಎತ್ತಿ ನೋಡುತ್ತಿದ್ದರೆ ಜನ ನಿಧಿಗಳ್ಳರು ಅಂತ ಸಂಶಯಪಡುತ್ತಾರೆ. ಸಂಶಯ ಪಡುವುದು ಸರಿಯೇ, ನಿಧಿ ಆಸೆಗೆ ಎಷ್ಟು ವಿಗ್ರಹ, ಎಷ್ಟು ವೀರಗಲ್ಲು ಹಾಳಾಗಿವೆ ಅಂತ ಹಳ್ಳಿಯವರಿಗೇ ಚೆನ್ನಾಗಿ ಗೊತ್ತು. ಆದ್ದರಿಂದ ಅಂಥ ಜಾಗ ಪೂರ್ತಿ ಬಿಡಿ. ರೈಲ್ವೆ ಹಳಿ, ವಿಮಾನ ನಿಲ್ದಾಣ, ವಾಯುಪಡೆ ನೆಲೆ, ಅಣೆಕಟ್ಟು, ಇವುಗಳ ಹತ್ತಿರವೂ ಬೇಡ. ರಾತ್ರಿ ಹುಡುಕಾಟವಂತೂ ನಮ್ಮ ಭಾಗದಲ್ಲಿ ಬೇಡವೇ ಬೇಡ.

ನಾನು ಇಟ್ಟಿದ್ದು ಚಿತ್ತಾಪುರ ಕಡೆ ನಮ್ಮ ಸೋದರಮಾವನ ಹೊಲದ ಬದುವಿನಲ್ಲಿ, ರಸ್ತೆಗೆ ಹತ್ತಿರ, ಬೇವಿನ ಮರದ ಬುಡದ ಪೊಟರೆಯಲ್ಲಿ. ಮಾವನಿಗೆ ವಿವರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಬಂದವ್ರು ಬೆಳಿ ತುಳಿತಾರೇನೋ?" ಅಂತ. ಸರಿಯಾದ ಪ್ರಶ್ನೆ. ಅದಕ್ಕೇ ಬೆಳೆಯ ಕಡೆ ಕಾಲಿಡದೆ ರಸ್ತೆ ಕಡೆಯಿಂದಲೇ ಕೈ ಹಾಕುವ ಹಾಗೆ ಇಟ್ಟು, ವಿವರದಲ್ಲೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದೆ. ಜಾಗದ ಅಂಕಿಯನ್ನು ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಫೋನಿನಿಂದ ತೆಗೆದು ಸರಾಸರಿ ಮಾಡಿದೆ. ಉಪಗ್ರಹಗಳ ಜೋಡಣೆ ಬದಲಾಗುತ್ತಾ ಇರುವುದರಿಂದ ಒಂದೇ ಹೊತ್ತಿನ ಓದನ್ನು ನಂಬುವುದಕ್ಕಿಂತ ಇದು ಒಳ್ಳೆಯದು.

ಡಬ್ಬಿ ಬಗ್ಗೆ ಒಂದು ಮಾತು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಅಗ್ಗದ ಪ್ಲಾಸ್ಟಿಕ್ ಡಬ್ಬಿ ಒಂದು ಬೇಸಿಗೆಯಲ್ಲೇ ಗಡುಸಾಗಿ ಸೀಳುತ್ತದೆ, ಆಮೇಲೆ ಮಳೆಗಾಲದ ನೀರು ಒಳಗೆ ಹೋಗಿ ಚೀಟಿ ಮುದ್ದೆಯಾಗುತ್ತದೆ. ನಾಲ್ಕು ಕಡೆ ಲಾಕ್ ಇರುವ, ರಬ್ಬರ್ ಇರುವ ದಪ್ಪ ಡಬ್ಬಿ ತನ್ನಿ. ಒಳಗಿನ ಚೀಟಿಯನ್ನು ಜಿಪ್ ಇರುವ ಕವರ್‌ನಲ್ಲಿ ಹಾಕಿ. ಡಬ್ಬಿಯ ಮೇಲೆ ಇದು ಏನು, ಯಾರೂ ಹೆದರುವ ಅಗತ್ಯ ಇಲ್ಲ ಅಂತ ಕನ್ನಡದಲ್ಲಿ ಮತ್ತು ಉರ್ದುವಿನಲ್ಲಿ ದೊಡ್ಡದಾಗಿ ಬರೆದು ಅಂಟಿಸಿ. ಹೊರಗಿನಿಂದ ಒಳಗಿರುವುದು ಕಾಣುವ ಪಾರದರ್ಶಕ ಡಬ್ಬಿ ಇನ್ನೂ ಒಳ್ಳೆಯದು, ಅನುಮಾನಕ್ಕೆ ಜಾಗ ಇರುವುದಿಲ್ಲ.

ಹೊಲದ ಹತ್ತಿರ ಫೋನ್ ಹಿಡಿದು ಸುತ್ತಿದರೆ ಜನ ಬಂದೇ ಬರುತ್ತಾರೆ. ನನ್ನ ಹತ್ತಿರ ಕುರಿ ಕಾಯುವ ಹಿರಿಯರೊಬ್ಬರು ಬಂದು "ಏನ್ ಹುಡುಕ್ಲಾಕತ್ತೀರಿ ಸಾಹೇಬ್ರ? ರೋಡ್ ಬರ್ತದೇನ್ರಿ ಇಲ್ಲಿ?" ಅಂತ ಕೇಳಿದರು. ಆ ಪ್ರಶ್ನೆಯ ಹಿಂದೆ ಏನಿದೆ ಅಂತ ನಕ್ಷೆ ಕೆಲಸದವರು ತಿಳಿಯಲೇಬೇಕು. ಅಳತೆಯವರು ಬಂದರು ಅಂದರೆ ಹಳ್ಳಿಯಲ್ಲಿ ಜಮೀನು ಹೋಗುತ್ತದೆ ಅನ್ನುವ ಭಯ ಮೊದಲು ಬರುತ್ತದೆ. ಆಟದಲ್ಲಿ, ಗೊತ್ತಿಲ್ಲದವರ ಕಣ್ಣಿಗೆ ಬೀಳದೆ ಗುಟ್ಟಾಗಿ ಹುಡುಕಬೇಕು ಅನ್ನುವ ರೂಢಿ ಇದೆ. ಬೇರೆ ದೇಶದ ಪಾರ್ಕಿನಲ್ಲಿ ಅದು ಸರಿ ಇರಬಹುದು. ನಮ್ಮ ಕಡೆ ನಾನು ಅದನ್ನು ಪಾಲಿಸುವುದಿಲ್ಲ. "ಇಲ್ಲ ಕಾಕಾ, ರೋಡೂ ಇಲ್ಲ, ಅಳತಿನೂ ಇಲ್ಲ, ಇದೊಂದು ಆಟ" ಅಂತ ಹೇಳಿ ಫೋನ್ ತೋರಿಸಿದೆ, ಮುಂದೆ ಅವರೇ ಮರದ ಹತ್ತಿರ ಬಂದು ನಿಂತು ನೋಡಿದರು. ಈಗ ಆ ಡಬ್ಬಿಗೆ ಕಾವಲು ಅವರದ್ದೇ. ಕ್ಯಾಶ್ ಇಟ್ಟ ಮೇಲೆ ಹತ್ತಿರದ ಹೊಲದವರಿಗೆ, ಅಂಗಡಿಯವರಿಗೆ ಹೇಳಿಬಿಡಿ ಅನ್ನುವುದೇ ನನ್ನ ಸಲಹೆ.

ಡಬ್ಬಿಯ ತಾಪತ್ರಯವೇ ಬೇಡ ಅನ್ನುವವರಿಗೆ ಅರ್ಥ್‌ಕ್ಯಾಶ್ ಇದೆ, ಮತ್ತು ನನ್ನ ಪ್ರಕಾರ ಈ ಸೇವೆಯಲ್ಲಿ ನಮ್ಮ ಭಾಗಕ್ಕೆ ಹೇಳಿ ಮಾಡಿಸಿದ್ದು ಅದೇ. 2004ರಲ್ಲಿ ಅಮೆರಿಕದ ಜಿಯಾಲಾಜಿಕಲ್ ಸೊಸೈಟಿಯ ಜೊತೆ ಸೇರಿ ಶುರುವಾದ ಬಗೆ ಇದು. ಇಲ್ಲಿ ಏನನ್ನೂ ಬಚ್ಚಿಡುವುದಿಲ್ಲ. ಭೂಮಿಯ ಬಗ್ಗೆ ಕಲಿಯುವಂಥದ್ದು ಏನಾದರೂ ಇರುವ ಜಾಗಕ್ಕೆ ಹೋಗಿ, ನೋಡಿ, ಇಟ್ಟವರು ಕೇಳಿದ ಪ್ರಶ್ನೆಗೆ ಉತ್ತರ ಬರೆದು ಕಳಿಸಬೇಕು. ಕಲ್ಲು ಒಡೆಯುವುದು, ಮನೆಗೆ ತರುವುದು ಇಲ್ಲ.

ನಮ್ಮ ಮೂರು ಜಿಲ್ಲೆಯ ನೆಲವನ್ನು ಒಮ್ಮೆ ಯೋಚಿಸಿ ನೋಡಿ. ಕಲಬುರಗಿ ಊರಿನ ಸುತ್ತ ಕಪ್ಪು ಕಲ್ಲು, ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ್ದು, ಅದೇ ಸವೆದು ಪುಡಿಯಾಗಿ ನಮ್ಮ ಎರೆ ಮಣ್ಣು. ಅಲ್ಲಿಂದ ಶಹಾಬಾದ್, ವಾಡಿ, ಸೇಡಂ ಕಡೆ ಹೋದರೆ ಪದರು ಪದರಾಗಿ ಏಳುವ ಸುಣ್ಣದ ಕಲ್ಲು, ಲಾವಾಕ್ಕಿಂತ ಎಷ್ಟೋ ಹಳೆಯದು, ಒಂದು ಕಾಲಕ್ಕೆ ನೀರಿನ ತಳದಲ್ಲಿ ಕೂತದ್ದು. ನಮ್ಮ ಮನೆಗಳ ನೆಲಕ್ಕೆ ಹಾಕುವ ಶಹಾಬಾದ್ ಕಲ್ಲು ಅದೇ, ಅಲ್ಲಿನ ಸಿಮೆಂಟ್ ಕಾರ್ಖಾನೆಗಳಿಗೂ ಅದೇ ಆಧಾರ. ಯಾದಗಿರಿ, ಶಹಾಪುರ ಕಡೆ ದೊಡ್ಡ ಗ್ರಾನೈಟ್ ಗುಡ್ಡಗಳು, ಶಹಾಪುರದಲ್ಲಿ ಬುದ್ಧ ಮಲಗಿದ ಹಾಗೆ ಕಾಣುವ ಬೆಟ್ಟ ನೋಡಿದವರಿಗೆ ಗೊತ್ತು. ಬೀದರ್‌ಗೆ ಹೋದರೆ ಕೆಂಪು ಜಂಬಿಟ್ಟಿಗೆ. ಜಂಬಿಟ್ಟಿಗೆಯಲ್ಲಿ ತೂತು ಜಾಸ್ತಿ, ನೀರು ಇಳಿಯುತ್ತದೆ. ಕೆಳಗಿನ ಕಪ್ಪು ಕಲ್ಲಿಗೆ ಬಂದಾಗ ನಿಲ್ಲುತ್ತದೆ. ಆ ಸಂಧಿಯ ನೀರನ್ನು ಹಿಡಿದೇ ಬಹಮನಿ ಕಾಲದಲ್ಲಿ ನೌಬಾದಿನ ಸುರಂಗ ಬಾವಿ ತೋಡಿದ್ದು. ಒಂದೇ ದಿನದ ಬಸ್ ಪ್ರಯಾಣದಲ್ಲಿ ಭೂಮಿಯ ಇಷ್ಟು ಕಥೆ ನೋಡಲು ಸಿಗುವ ಜಾಗ ಎಷ್ಟಿವೆ? ಇಂಥ ಕಡೆ ಅರ್ಥ್‌ಕ್ಯಾಶ್ ಮಾಡಲು ಜಾಗ ನೋಡಿಕೊಳ್ಳುವವರ ಅನುಮತಿ ಕೇಳಬೇಕು, ಪ್ರಶ್ನೆ ಸರಿಯಾಗಿ ತಯಾರಿಸಬೇಕು. ಕಲಬುರಗಿಯ ಭೂವಿಜ್ಞಾನದ ವಿದ್ಯಾರ್ಥಿಗಳೂ ಜಿಐಎಸ್‌ನವರೂ ಕೂಡಿದರೆ ಒಂದು ಮಳೆಗಾಲ ಮುಗಿಯುವುದರೊಳಗೆ ಖಾಲಿ ನಕ್ಷೆ ತುಂಬಬಹುದು. ನಾನಂತೂ ಶಹಾಬಾದ್ ಕಲ್ಲಿನ ಪ್ರಶ್ನೆಗಳನ್ನು ಬರೆಯುತ್ತಿದ್ದೇನೆ.

ದುಡ್ಡಿನ ವಿಷಯ. ಉಚಿತ ಖಾತೆಯಲ್ಲಿ ಆ್ಯಪ್ ಸುಲಭದ ಸಾದಾ ಕ್ಯಾಶ್‌ಗಳನ್ನು ತೋರಿಸುತ್ತದೆ, ಪ್ರೀಮಿಯಂ ಅಂತ ಗುರುತಿರುವವು ತೆರೆಯುವುದಿಲ್ಲ. ಪ್ರೀಮಿಯಂ ತಗೊಂಡರೆ ಎಲ್ಲ ಬಗೆಯೂ ಸಿಗುತ್ತವೆ, ನೆಟ್ ಇಲ್ಲದ ಕಡೆಗೆ ಮೊದಲೇ ಇಳಿಸಿಕೊಳ್ಳಬಹುದು, ಮತ್ತು ಒಂದು ಸಲಕ್ಕೆ 1000 ಕ್ಯಾಶ್‌ಗಳವರೆಗೆ ಜಿಪಿಎಕ್ಸ್ ಫೈಲ್ (ಜಿಪಿಎಸ್ ಜಾಗಗಳ ಪಟ್ಟಿ) ಆಗಿ ತೆಗೆಯುವ ಸೌಲಭ್ಯವೂ ಇದೆ. ಆ ಫೈಲನ್ನು ಸೀದಾ ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್‌ಗೆ ಎಳೆದು ಹಾಕಿ ರಸ್ತೆ, ಎತ್ತರದ ಲೇಯರ್ ಜೊತೆ ನೋಡಬಹುದು, ಅದು ನಕ್ಷೆಯವರಿಗೆ ಹಬ್ಬ. ಆದರೆ ಇಲ್ಲಿ ಇರುವ ಕ್ಯಾಶ್‌ಗಳೇ ಬೆರಳೆಣಿಕೆ ಅಂದ ಮೇಲೆ ಅದಕ್ಕೆ ವರ್ಷದ ಚಂದಾ ಕಟ್ಟುವುದರಲ್ಲಿ ಅರ್ಥ ಇಲ್ಲ. ಯುರೋಪಿಗೋ ಅಮೆರಿಕಕ್ಕೋ ಮಗನ ಹತ್ತಿರ ಒಂದೆರಡು ತಿಂಗಳು ಹೋಗುವವರು ಆಗ ತಗೊಳ್ಳಲಿ.

ಆಂಡ್ರಾಯ್ಡ್ ಇದ್ದವರು ಸಿ:ಜಿಯೋ ಅನ್ನುವ ಆ್ಯಪನ್ನೂ ನೋಡಿ. ಇದು ಕಂಪನಿಯದ್ದಲ್ಲ, ಸ್ವಯಂಸೇವಕರು ಸೇರಿ ಮಾಡಿದ ಉಚಿತ ಆ್ಯಪ್. ಅದೇ ಖಾತೆಯಿಂದ ಒಳಗೆ ಹೋಗಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್ (ಯಾರು ಬೇಕಾದರೂ ತಿದ್ದಬಹುದಾದ ಉಚಿತ ನಕ್ಷೆ) ಆಧಾರದ ನಕ್ಷೆಯನ್ನು ಫೋನಿನಲ್ಲೇ ಇಳಿಸಿಟ್ಟುಕೊಳ್ಳಬಹುದು, ಕ್ಯಾಶ್ ವಿವರವನ್ನೂ ಉಳಿಸಿಕೊಳ್ಳಬಹುದು. ನೋಡಲು ಮೂಲ ಆ್ಯಪಿನಷ್ಟು ಚೆಂದ ಇಲ್ಲ, ಮೊದಲ ಸಲ ನೋಡಿದವರಿಗೆ ಸೆಟ್ಟಿಂಗ್‌ಗಳು ಜಾಸ್ತಿ ಅನ್ನಿಸುತ್ತವೆ, ಆದರೆ ಜಿಐಎಸ್ ಸಾಫ್ಟ್‌ವೇರ್ ಬಳಸುವವರಿಗೆ ಅದೇ ಇಷ್ಟವಾಗುತ್ತದೆ. ಜೊತೆಗೆ, ಕ್ಯಾಶ್ ಹುಡುಕುತ್ತಾ ನಡೆದಾಗ ಕಾಣುವ ಕಾಲುದಾರಿ, ಬಾವಿ, ಸಣ್ಣ ಗುಡಿ, ನೀರಿನ ಟ್ಯಾಂಕ್ ಇವನ್ನೆಲ್ಲ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಕನ್ನಡ ಹೆಸರಿನ ಜೊತೆ ಸೇರಿಸಿ. ಕೇಂದ್ರ ಸರ್ಕಾರದ 2021ರ ಫೆಬ್ರವರಿ 15ರ ಮಾರ್ಗಸೂಚಿ ಬಂದ ಮೇಲೆ ದೇಶದೊಳಗೆ ನಕ್ಷೆ ಮಾಡುವುದಕ್ಕೆ ಇದ್ದ ಅನುಮತಿಗಳ ಅಡ್ಡಿ ಬಹಳ ಕಡಿಮೆಯಾಗಿದೆ, ಮಾಡುವ ಜನ ಬೇಕು ಅಷ್ಟೇ.

ಕೈಯಲ್ಲಿ ಹಿಡಿಯುವ ಜಿಪಿಎಸ್ ಬೇಕಾ ಅಂತ ಆಫೀಸಿನವರು ಕೇಳುತ್ತಾರೆ. ಬರೀ ಆಟಕ್ಕಾಗಿ ಬೇಡ. ಗಾರ್ಮಿನ್ ಇಟ್ರೆಕ್ಸ್ ಥರದ ಯಂತ್ರಕ್ಕೆ ಎರಡು ಎಎ ಸೆಲ್ ಹಾಕಿದರೆ ಇಡೀ ದಿನ ನಡೆಯುತ್ತದೆ, ಬಿಸಿಲಲ್ಲಿ ಪರದೆ ಓದಲು ಬರುತ್ತದೆ, ನೀರು ಬಿದ್ದರೂ ಏನಾಗುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಫೋನ್ ಕಾದು ತಾನೇ ಆಫ್ ಆಗುವುದನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ಹೊಲದ ಕೆಲಸಕ್ಕೂ ಬೇಕಾದವರು ತಗೊಳ್ಳಿ.

ಹಾಗಾಗಿ ಅಂಕ ಕೊಡಬೇಕೆಂದರೆ, ನಕ್ಷೆ ಕೆಲಸ ಕಲಿಯುವವರಿಗೆ ಐದಕ್ಕೆ ಐದು. ನಮ್ಮ ಜಿಲ್ಲೆಗಳಲ್ಲಿ ಸುಮ್ನೆ ಆಡಲು ಬರುವವರಿಗೆ ಈಗಿನ ಸ್ಥಿತಿಯಲ್ಲಿ ಐದಕ್ಕೆ ಎರಡು. ಕಾಲೇಜಿನಲ್ಲಿ ಭೂಗೋಳ, ಸಿವಿಲ್, ಜಿಐಎಸ್ ಕಲಿಸುವ ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ಒಂದು ಪ್ರಾಕ್ಟಿಕಲ್ ಕ್ಲಾಸನ್ನು ಕ್ಯಾಂಪಸ್ಸಿನಲ್ಲೇ ಹೀಗೆ ಮಾಡಿ ನೋಡಿ, ಆ್ಯಪಿನಲ್ಲಿ ಪ್ರಕಟಿಸದೇ ಇದ್ದರೂ ಪರವಾಗಿಲ್ಲ, ನಾಲ್ಕು ಡಬ್ಬಿ, ನಾಲ್ಕು ಕೋಆರ್ಡಿನೇಟ್, ಒಂದೊಂದನ್ನೂ ಬೇರೆ ಬೇರೆ ರೀತಿಯಲ್ಲಿ ಬರೆದು ಕೊಡಿ.

ಮೊದಲ ಸಲ ಹೊರಡುವವರಿಗೆ ಇಷ್ಟು: ಹೊರಡುವ ಮೊದಲೇ ವಿವರವನ್ನು ಫೋನಿನಲ್ಲಿ ಉಳಿಸಿಕೊಳ್ಳಿ, ಬೆಳಗ್ಗೆ ಬೇಗ ಹೋಗಿ, ನೀರಿನ ಬಾಟಲಿ ದೊಡ್ಡದೇ ಇರಲಿ, ಪೊಟರೆಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ ನೋಡಿ, ನಮ್ಮ ಕಡೆ ಹಾವು ಚೇಳು ಜಾಸ್ತಿ. ಜೇಬಿನಲ್ಲಿ ಒಂದು ಪೆನ್ನು ಇಟ್ಟುಕೊಳ್ಳಿ, ಡಬ್ಬಿಯಲ್ಲಿ ಚೀಟಿ ಇರುತ್ತದೆ, ಬರೆಯಲು ಬಹಳ ಸಲ ಏನೂ ಇರುವುದಿಲ್ಲ.